ಜಮೆಯಾಗದ ಹೆಸರುಗಳು

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ನೆಪ ಮಾಡಿಕೊಂಡು ನಾವು ಏಳೆಂಟು ಮನೆಯವರು ಫ್ರೀಮಾಂಟ್‌ನ ಗೆಳೆಯರೊಬ್ಬರ ಮನೆಯಲ್ಲಿ ಹಳೆಯ ಹಾಡುಗಳನ್ನು ಕೇಳುವ ಸಂಜೆಯೊಂದನ್ನು ಇಟ್ಟುಕೊಂಡೆವು. ಒಬ್ಬರು ಬಿಸಿಬೇಳೆಬಾತ್, ಇನ್ನೊಬ್ಬರು ಮೈಸೂರುಪಾಕ್, ನಾನು ಗ್ರಾಮಫೋನ್ ತಟ್ಟೆಗಳು. ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಮನೆಯಿಂದ ನಾನು ಹೊತ್ತು ತಂದ ಆಸ್ತಿಯೆಂದರೆ ಅವೇ. ಸನ್ನಿವೇಲ್‌ನ ನಮ್ಮ ಗರಾಜಿನಲ್ಲಿ ಒಂದು ಪೆಟ್ಟಿಗೆ ತುಂಬ ಇವೆ. ಅವುಗಳಲ್ಲಿ ಅಪ್ಪನಿಗೆ ಬಲು ಪ್ರೀತಿಯದು 'ಬಂಗಾರದ ಮನುಷ್ಯ'. ಸಿದ್ದಲಿಂಗಯ್ಯನವರ ನಿರ್ದೇಶನ, ಟಿ. ಕೆ. ರಾಮರಾವ್ ಅವರ ಕಾದಂಬರಿ, ಜಿ. ಕೆ. ವೆಂಕಟೇಶ್ ಅವರ ಸಂಗೀತ, 1972.

ಬಂದವರ ಕೈಗೆ ಕೊಡಲು ನಾಲ್ಕು ಪುಟದ ಒಂದು ಹೊತ್ತಗೆ ಮಾಡಬೇಕು, ಯಾವ ಹಾಡನ್ನು ಯಾರು ಬರೆದರು, ಯಾರು ಹಾಡಿದರು, ಯಾರು ನುಡಿಸಿದರು ಎಲ್ಲವೂ ಅದರಲ್ಲಿರಬೇಕು ಎಂದು ತೀರ್ಮಾನವಾಯಿತು. ಲೆಕ್ಕದವನಲ್ಲವೇ, ಕೆಲಸ ನನ್ನ ತಲೆಗೇ ಬಂತು. ಬರೆದವರು, ಹಾಡಿದವರು ಸುಲಭ. ತಟ್ಟೆಯ ಲೇಬಲ್ಲಿನ ಮೇಲೇ ಇರುತ್ತಾರೆ. ಪಿ. ಬಿ. ಶ್ರೀನಿವಾಸ್, ಪಿ. ಸುಶೀಲ ಎಲ್ಲರೂ ಅಚ್ಚಾಗಿದ್ದಾರೆ. ನುಡಿಸಿದವರ ವಿಷಯಕ್ಕೆ ಬಂದಾಗ ಲೇಬಲ್ಲು ಸುಮ್ಮನಾಯಿತು. ಗಿಟಾರ್ ಇದೆ, ಕೊಳಲಿದೆ, ಪಿಟೀಲುಗಳ ಗುಂಪೇ ಇದೆ, ತಬಲ ಇದೆ. ಕಿವಿಗೆ ಎಲ್ಲರೂ ಇದ್ದಾರೆ, ಕಾಗದದ ಮೇಲೆ ಒಬ್ಬರೂ ಇಲ್ಲ.

ಅಷ್ಟರಲ್ಲಿ ಗೆಳೆಯರೊಬ್ಬರು ಫೋನ್ ಮಾಡಿ, "ಗಿಟಾರ್ ಇಳಯರಾಜಾ ಅಂತ ಹಾಕಿ ಸಾರ್, ಜನ ಖುಷಿಯಾಗ್ತಾರೆ" ಎಂದರು. ಅವರ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. 1976ರಲ್ಲಿ 'ಅನ್ನಕ್ಕಿಳಿ' ಚಿತ್ರದಿಂದ ತಮಿಳಿನಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ಇಳಯರಾಜಾ ಮದರಾಸಿನಲ್ಲಿ ಜಿ. ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿದವರು. ಆ ಕಾಲದ ಕನ್ನಡ ಚಿತ್ರಗೀತೆಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ಹಾಗಾಗಿ ರಾಜ್‌ಕುಮಾರ್ ಚಿತ್ರಗಳ ಹಲವು ಹಾಡುಗಳ ಹಿಂದೆ ಇಳಯರಾಜಾ ಅವರ ಬೆರಳುಗಳಿವೆ ಎಂಬುದು ನಿಜವೇ. ಆದರೆ 'ಹಲವು ಹಾಡುಗಳಲ್ಲಿ' ಎಂಬುದು 'ಈ ಹಾಡಿನಲ್ಲಿ' ಎಂಬುದಕ್ಕೆ ಸಾಕ್ಷಿಯಲ್ಲ.

"ವೋಚರ್ ಇಲ್ಲದೆ ಹೇಗೆ ಹಾಕಲಿ?" ಎಂದೆ.

"ಇದೇನು ಟ್ಯಾಕ್ಸ್ ರಿಟರ್ನಾ? ಹಾಕಿದರೆ ಯಾರಿಗೆ ನಷ್ಟ ಹೇಳಿ?" ಎಂದು ನಕ್ಕರು.

ನಗೆಯಲ್ಲಿ ತೇಲಿಹೋಗಬೇಕಾಗಿದ್ದ ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಯಾರಿಗೆ ನಷ್ಟ? ಇಳಯರಾಜಾ ಅವರಿಗೆ ಇಲ್ಲ, ನಮ್ಮ ಸಭಿಕರಿಗೂ ಇಲ್ಲ. ಅಕಸ್ಮಾತ್ ಆ ದಿನ ಆ ಸ್ಟುಡಿಯೋದಲ್ಲಿ ಬೇರೊಬ್ಬರು ಗಿಟಾರ್ ಹಿಡಿದು ಕೂತಿದ್ದರೆ, ಅವರಿಗೆ.

ಬನುಮಯ್ಯ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ನಮ್ಮ ಮೇಷ್ಟ್ರು ಲೆಕ್ಕದ ತಪ್ಪುಗಳ ಬಗ್ಗೆ ಹೇಳಿದ ಪಾಠ ನೆನಪಾಯಿತು. ಕೂಡುವುದರಲ್ಲಿ ತಪ್ಪಿದರೆ ತಾಳೆಪಟ್ಟಿ ತಾಳೆಯಾಗುವುದಿಲ್ಲ, ಕಳ್ಳ ತಾನೇ ಸಿಕ್ಕಿಬೀಳುತ್ತಾನೆ. ಆದರೆ ರಾಮಯ್ಯನ ಖಾತೆಗೆ ಜಮೆಯಾಗಬೇಕಾದ ನೂರು ರೂಪಾಯಿ ಭೀಮಯ್ಯನ ಖಾತೆಗೆ ಜಮೆಯಾದರೆ ತಾಳೆಪಟ್ಟಿ ಸೊಗಸಾಗಿ ಕೂಡುತ್ತದೆ. ಎರಡೂ ಬದಿ ಸಮ. ರಾಮಯ್ಯನೇ ಬಂದು "ಸ್ವಾಮಿ, ನನ್ನ ದುಡ್ಡೆಲ್ಲಿ?" ಎಂದು ಕೇಳುವ ತನಕ ಆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ರಾಮಯ್ಯ ಸತ್ತುಹೋಗಿದ್ದರೆ, ಅಥವಾ ಖಾತೆಯೊಂದು ತನಗಿದೆ ಎಂಬುದೇ ಅವನಿಗೆ ಗೊತ್ತಿಲ್ಲದಿದ್ದರೆ, ತಪ್ಪು ಶಾಶ್ವತ.

ಹೆಸರಿನ ವಿಷಯದಲ್ಲೂ ಹೀಗೆಯೇ ನಡೆಯುತ್ತದೆ. ದೊಡ್ಡ ಹೆಸರಿಗೆ ಅಯಸ್ಕಾಂತದ ಗುಣವಿದೆ. ಸುತ್ತಲಿನ ಚಿಕ್ಕಪುಟ್ಟ ಜಮೆಗಳೆಲ್ಲ ಅದರ ಕಡೆಗೇ ಜಾರುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಹೇಟ್ ಸ್ಟ್ರೀಟ್‌ನಲ್ಲಿರುವ ಅಮೀಬಾ ಅಂಗಡಿಯಲ್ಲಿ ನಾನು ಕೊಂಡ ಮೊದಲ ಅಮೆರಿಕನ್ ತಟ್ಟೆ ಸಾಂಟಾನಾ ತಂಡದ 'ಅಬ್ರಾಕ್ಸಸ್', 1970ರದು. ಧ್ವನಿಮುದ್ರಣವಾದದ್ದು ಅದೇ ಊರಿನ ವಾಲಿ ಹೈಡರ್ ಸ್ಟುಡಿಯೋದಲ್ಲಿ. ಅದರಲ್ಲಿನ 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಹಾಡಿದವರು ಕಾರ್ಲೋಸ್ ಸಾಂಟಾನಾ ಎಂದೇ ನಾನು ವರ್ಷಗಟ್ಟಲೆ ನಂಬಿದ್ದೆ. ಹಾಡಿದವರು ಆರ್ಗನ್ ನುಡಿಸುತ್ತಿದ್ದ ಗ್ರೆಗ್ ರೋಲಿ. ಹಾಡು ಬರೆದವರು ಇಂಗ್ಲೆಂಡಿನ ಪೀಟರ್ ಗ್ರೀನ್. 'ಓಯೆ ಕೊಮೊ ವಾ' ಟಿಟೊ ಪುಯೆಂಟೆ ಅವರದು. ಇದರಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ತಂಡಕ್ಕೂ ಅದರ ನಾಯಕನಿಗೂ ಒಂದೇ ಹೆಸರಾದ್ದರಿಂದ ನನ್ನ ಕಿವಿಯೇ ಎಲ್ಲವನ್ನೂ ಒಂದೇ ಖಾತೆಗೆ ಹಾಕಿಕೊಂಡಿತ್ತು.

ಹೆಸರೇ ಅಚ್ಚಾಗದ ಕಥೆಗಳು ಇದಕ್ಕಿಂತ ಗಾಢ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದುದ್ದಕ್ಕೂ ನುಡಿಸಿದ್ದು ಫಂಕ್ ಬ್ರದರ್ಸ್ ಎಂಬ ಸ್ಟುಡಿಯೋ ತಂಡ. ಆ ಹಾಡುಗಳನ್ನು ಲೋಕವೆಲ್ಲ ಕೇಳಿತು. ನುಡಿಸಿದವರ ಹೆಸರು ಆ ಕಂಪನಿಯ ತಟ್ಟೆಯೊಂದರ ಹೊದಿಕೆಯ ಮೇಲೆ ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನಲ್ಲಿ. ಲಂಡನ್ನಿನ ಕ್ಲೇರ್ ಟೋರಿ ಎಂಬ ಗಾಯಕಿಯದು ಇನ್ನೊಂದು ಬಗೆ. 1973ರಲ್ಲಿ ಒಂದು ಭಾನುವಾರ ಪಿಂಕ್ ಫ್ಲಾಯ್ಡ್ ತಂಡಕ್ಕಾಗಿ ಮಾತಿಲ್ಲದೆ ಬರೀ ಸ್ವರದಲ್ಲಿ ಹಾಡಿ, 30 ಪೌಂಡ್ ಪಡೆದು ಮನೆಗೆ ಹೋದರು. ಗಾಯಕಿಯೆಂದು ಹೆಸರು ಬಂತು, ಆದರೆ ಆ ಸ್ವರಗಳನ್ನು ಅಲ್ಲೇ ಕಟ್ಟಿದವರೂ ಅವರೇ ಎಂಬುದು ಲೆಕ್ಕಕ್ಕೆ ಬರಲಿಲ್ಲ. 2004ರಲ್ಲಿ ನ್ಯಾಯಾಲಯದ ಮೊರೆಹೋದರು. ಮರುವರ್ಷ ರಾಜಿಯಾಗಿ, ಅಲ್ಲಿಂದಾಚೆಗೆ ಸಂಯೋಜಕರ ಸಾಲಿನಲ್ಲಿ ಅವರ ಹೆಸರು ಸೇರಿತು. ಮೂವತ್ತೆರಡು ವರ್ಷ ತಡವಾದರೂ ರಾಮಯ್ಯ ಬಂದು ಕೇಳಿದ್ದರಿಂದ ಖಾತೆ ಸರಿಹೋಯಿತು.

ನಮ್ಮಲ್ಲಿ ಕೇಳುವ ಅಭ್ಯಾಸವೂ ಕಡಿಮೆ, ಬರೆದಿಡುವ ಅಭ್ಯಾಸ ಇನ್ನೂ ಕಡಿಮೆ. ನಾವೆಲ್ಲ ಎದ್ದು ನಿಂತು ಹಾಡುವ ನಾಡಗೀತೆಯ ಧಾಟಿ ಯಾರದಿರಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆದು, ಮೈಸೂರು ಅನಂತಸ್ವಾಮಿಯವರದೇ ಇರಲಿ, ಎರಡೂವರೆ ನಿಮಿಷದಲ್ಲಿ ಮುಗಿಯಲಿ ಎಂದು ಸರ್ಕಾರ ಆದೇಶ ಹೊರಡಿಸಿದ್ದು 2022ರಲ್ಲಿ. ಧಾಟಿಯ ಪಾಡೇ ಹೀಗಾದರೆ ಹಿಂದಿನ ಸಾಲಿನಲ್ಲಿ ಕೂತು ಕೊಳಲೂದಿದವನ ಪಾಡೇನು?

ಇಲ್ಲಿಯವರೆಗೆ ನಾನು ಗೆಳೆಯರ ಎದುರು ಗೆದ್ದಂತೆಯೇ ಇತ್ತು. ಸಾಕ್ಷಿಯಿಲ್ಲದೆ ಹೆಸರು ಹಾಕಬಾರದು, ಹಾಕಿದರೆ ಹೆಸರಿಲ್ಲದವನಿಗೆ ಅನ್ಯಾಯ. ವಾದ ಗಟ್ಟಿ. ಆದರೆ ಕೊಳಲು ಎಂದು ಬರೆಯುತ್ತಿದ್ದಂತೆ ನನ್ನ ಚಿಕ್ಕಪ್ಪ ಬಂದು ಎದುರಿಗೆ ಕೂತರು.

ಚಿಕ್ಕಪ್ಪ ರೇಷ್ಮೆ ಇಲಾಖೆಯಲ್ಲಿ ಗುಮಾಸ್ತರು. ಸಂಜೆಯಾದರೆ ಕೊಳಲು. ಗಣೇಶನ ಪೆಂಡಾಲುಗಳಲ್ಲಿ, ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ನುಡಿಸುತ್ತಿದ್ದರು. 1980ರ ದಶಕದಲ್ಲಿ ಒಮ್ಮೆ ಬೆಂಗಳೂರಿನಿಂದ ಕರೆ ಬಂದು, ಭಕ್ತಿಗೀತೆಗಳ ಕ್ಯಾಸೆಟ್ಟೊಂದಕ್ಕೆ ನುಡಿಸಿ ಬಂದರಂತೆ. ಊಟ, ಬಸ್ ಚಾರ್ಜು, ಕೈಗೆ ನೂರೈವತ್ತು ರೂಪಾಯಿ. ಸಹಿ ಇಲ್ಲ, ರಸೀದಿ ಇಲ್ಲ. ಕ್ಯಾಸೆಟ್ ಬಂದಾಗ ಒಳಗಿನ ಕಾಗದದಲ್ಲಿ ಅವರ ಹೆಸರಿರಲಿಲ್ಲ. ಯಾವ ವಾದ್ಯದವರ ಹೆಸರೂ ಇರಲಿಲ್ಲ. ಚಿಕ್ಕಪ್ಪ ಅದರ ಬಗ್ಗೆ ಬೇಸರಪಟ್ಟದ್ದನ್ನು ನಾನು ನೋಡಲಿಲ್ಲ. ಮನೆಗೆ ಯಾರಾದರೂ ಬಂದರೆ ಕ್ಯಾಸೆಟ್ ಹಾಕಿ, ಎರಡನೇ ಬದಿಯ ಮೂರನೇ ಹಾಡು ಬಂದಾಗ ಒಂದು ಬೆರಳು ಎತ್ತುತ್ತಿದ್ದರು. "ಇದು... ಇದು ನಾನು."

ಬೆಂಗಳೂರಿನಲ್ಲಿ ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಕಾಲ. ಹಸಿರು ಪೆನ್ನು ಹಿಡಿದು ಕಂಡಕಂಡ ವೋಚರಿಗೆಲ್ಲ ಟಿಕ್ ಹಾಕುವ ಹುಮ್ಮಸ್ಸು. ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪ ನೆಂಟರ ಮುಂದೆ ಮತ್ತೆ ಬೆರಳೆತ್ತಿದರು. ನಾನು ನಗುತ್ತ, "ಚಿಕ್ಕಪ್ಪ, ಇದಕ್ಕೆ ಏನಾದ್ರೂ ದಾಖಲೆ ಇದೆಯಾ?" ಎಂದುಬಿಟ್ಟೆ. ಎಲ್ಲರೂ ನಕ್ಕರು, ಚಿಕ್ಕಪ್ಪನೂ ನಕ್ಕರು. "ಇಲ್ಲ ಕಣೋ ಮರಿ, ದಾಖಲೆ ಎಲ್ಲಿಂದ ಬರ್ಬೇಕು" ಎಂದು ಎದ್ದು ಟೇಪ್‌ರೆಕಾರ್ಡರ್ ಆರಿಸಿದರು. ಆಮೇಲೆ ನಾನಿರುವಾಗ ಆ ಕ್ಯಾಸೆಟ್ ಹಾಕಲಿಲ್ಲ. ನಾನು ಅಮೆರಿಕಕ್ಕೆ ಬಂದ ಮೇಲೆ ಅವರು ತೀರಿಕೊಂಡರು.

ಇಳಯರಾಜಾ ಅವರ ಹೆಸರು ಹಾಕಲು ನಾನು ಕೇಳಿದ ಪ್ರಶ್ನೆಯೂ ಚಿಕ್ಕಪ್ಪನಿಗೆ ಕೇಳಿದ ಪ್ರಶ್ನೆಯೂ ಒಂದೇ. ಒಂದು ಕಡೆ ಅದು ಹೆಸರಿಲ್ಲದವನನ್ನು ಕಾಯಿತು, ಇನ್ನೊಂದು ಕಡೆ ಹೆಸರಿಲ್ಲದವನನ್ನೇ ಹೊಡೆಯಿತು. ದಾಖಲೆ ಇಡುವ ಅಧಿಕಾರ ಇದ್ದವರು ಇಡಲಿಲ್ಲ. ಇಟ್ಟುಕೊಳ್ಳಲು ಸಾಧ್ಯವೇ ಇಲ್ಲದವರನ್ನು ನಾನು ದಾಖಲೆ ಕೇಳಿದೆ. ಹಾಗಾದರೆ ಯಾರು ಹೇಳಿದರೂ ನಂಬಿ ಬರೆದುಬಿಡಬೇಕೆ? ಅದೂ ಆಗದು. ಚಿಕ್ಕಪ್ಪನಂತೆ ಬೆರಳೆತ್ತುವವರು ಇಬ್ಬರಿದ್ದರೆ ಒಬ್ಬರ ಮಾತು ತಪ್ಪಾಗಿರಲೇಬೇಕು. ನೆನಪು ಪ್ರಾಮಾಣಿಕವಾಗಿಯೇ ತಪ್ಪು ಮಾಡುತ್ತದೆ.

ಉತ್ತರ ನನ್ನ ಕಸುಬಿನಲ್ಲೇ ಇತ್ತು; ಆ ಹಸಿರು ಪೆನ್ನಿನ ಹುಡುಗನಿಗೆ ಅದು ಹೊಳೆದಿರಲಿಲ್ಲ. ಲೆಕ್ಕಪತ್ರದಲ್ಲಿ 'ಹೌದು', 'ಇಲ್ಲ' ಎಂಬ ಎರಡೇ ಕೋಣೆಗಳಿಲ್ಲ. ತಾಳೆಯಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ಯಾರದೆಂದು ತಿಳಿದಿಲ್ಲ, ಆದರೆ ಯಾರದೋ ಆಗಿರುವುದು ಖಂಡಿತ ಎಂದು ಅದರ ಅರ್ಥ. ಅದನ್ನು ಕಂಡವರ ಖಾತೆಗೆ ತಳ್ಳುವಂತಿಲ್ಲ, ಅಳಿಸುವಂತೆಯೂ ಇಲ್ಲ. ಇನ್ನು ಕಂಪನಿಯ ಮೇಲೆ ಯಾರಾದರೂ ಹಕ್ಕು ಹೂಡಿದ್ದು ಅದು ಇನ್ನೂ ತೀರ್ಮಾನವಾಗದಿದ್ದರೆ ಅದನ್ನು ಕಂಟಿಂಜೆಂಟ್ ಲಯಬಿಲಿಟಿ ಎನ್ನುತ್ತೇವೆ. ಅದು ಆಸ್ತಿ-ಹೊಣೆಯ ಪಟ್ಟಿಗೆ ಸೇರುವುದಿಲ್ಲ, ಆದರೆ ಕೆಳಗಿನ ಟಿಪ್ಪಣಿಯಲ್ಲಿ, ಇಂಥ ಹಕ್ಕೊಂದು ಇದೆ ಎಂದು ಓದುವವನಿಗೆ ತಿಳಿಸಲೇಬೇಕು. ಬಾಯಿಮಾತನ್ನೂ ಆಡಿಟ್ ತಳ್ಳಿಹಾಕುವುದಿಲ್ಲ. ವಿಚಾರಣೆಯೂ ಸಾಕ್ಷ್ಯವೇ, ದುರ್ಬಲ ಸಾಕ್ಷ್ಯ ಅಷ್ಟೇ. ಯಾರು ಹೇಳಿದರು ಎಂಬುದನ್ನು ಬರೆದಿಟ್ಟರೆ ಅದರ ತೂಕವನ್ನು ಓದುವವನು ತಾನೇ ಅಳೆದುಕೊಳ್ಳುತ್ತಾನೆ.

ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿದ್ದಂತೆ ಬರೆಯುವುದು ಒಂದು ತಪ್ಪು, ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ ಬಿಟ್ಟುಬಿಡುವುದು ಇನ್ನೊಂದು. ಮೊದಲನೆಯದಕ್ಕೆ ನಾವು ನಾಚುತ್ತೇವೆ. ಎರಡನೆಯದು ತಪ್ಪೆಂದು ನಮಗೆ ಅನ್ನಿಸುವುದೇ ಇಲ್ಲ, ಏಕೆಂದರೆ ಖಾಲಿ ಜಾಗ ಸುಳ್ಳು ಹೇಳಿದಂತೆ ಕಾಣುವುದಿಲ್ಲ.

ಹೊತ್ತಗೆಯಲ್ಲಿ ಹೀಗೆ ಬರೆದೆ: "ಈ ಹಾಡುಗಳಲ್ಲಿ ಗಿಟಾರ್, ಕೊಳಲು, ಪಿಟೀಲು, ತಬಲ ನುಡಿಸಿದವರ ಹೆಸರು ತಟ್ಟೆಯ ಮೇಲೆ ನಮೂದಾಗಿಲ್ಲ. ಈ ಅವಧಿಯ ಆಸುಪಾಸಿನಲ್ಲಿ ಇಳಯರಾಜಾ ಅವರು ಜಿ. ಕೆ. ವೆಂಕಟೇಶ್ ಅವರ ವಾದ್ಯತಂಡದಲ್ಲಿ ಗಿಟಾರ್ ನುಡಿಸುತ್ತಿದ್ದರು. ಅವರ ಜೊತೆ ಕೂತು ನುಡಿಸಿದ ಎಲ್ಲರಿಗೂ ನಮ್ಮ ನಮಸ್ಕಾರ." ಗೆಳೆಯರು ಓದಿ, "ನೋಟ್ಸ್ ಟು ಅಕೌಂಟ್ಸ್ ಥರ ಇದೆ ಸಾರ್" ಎಂದರು. ಹೌದು, ಅದೇ.

ಆ ಸಂಜೆ ತಟ್ಟೆ ತಿರುಗುವಾಗ ಗೆಳೆಯರೊಬ್ಬರ ತಾಯಿ, ಊರಿನಿಂದ ಬಂದು ಆರು ತಿಂಗಳಿಗೆ ಇಲ್ಲಿರುವವರು, ಹೊತ್ತಗೆಯ ಆ ಸಾಲಿನ ಮೇಲೆ ಕೈಯಿಟ್ಟು ನನ್ನನ್ನು ಕರೆದರು. "ನಮ್ಮ ಯಜಮಾನ್ರೂ ತಬಲ ಬಾರಿಸ್ತಿದ್ರು ಕಣಪ್ಪ, ಹರಿಕಥೆಗಳಿಗೆ" ಎಂದರು. ಅಷ್ಟೇ. ಹೆಸರು ಹಾಕು ಎಂದು ಕೇಳಲಿಲ್ಲ. ನಾನೇ ಹೆಸರು ಕೇಳಿದೆ, ಯಾವ ಊರು, ಯಾವ ದಾಸರ ಜೊತೆ ಎಂದು ಕೇಳಿದೆ. ದಾಖಲೆ ಇದೆಯೇ ಎಂದು ಮಾತ್ರ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಗರಾಜಿನ ಪೆಟ್ಟಿಗೆಯ ತಳದಿಂದ ಚಿಕ್ಕಪ್ಪನ ಕ್ಯಾಸೆಟ್ ತೆಗೆದೆ. ಚಿಕ್ಕಮ್ಮ ಕೊಟ್ಟು ಕಳಿಸಿದ್ದು. ಒಳಗಿನ ಕಾಗದ ಹಳದಿಯಾಗಿ ಮಡಿಕೆಯಲ್ಲಿ ಹರಿದಿತ್ತು. ಒಂದು ಚೀಟಿಯಲ್ಲಿ ಚಿಕ್ಕಪ್ಪನ ಪೂರ್ತಿ ಹೆಸರು ಬರೆದು, ಅದರ ಕೆಳಗೆ "ಎರಡನೇ ಬದಿ, ಮೂರನೇ ಹಾಡು, ಕೊಳಲು. ಆಧಾರ: ಅವರೇ ಹೇಳಿದ್ದು, ನಾನು ಕೇಳಿದ್ದು" ಎಂದು ಸೇರಿಸಿದೆ. ಸಹಿ ಹಾಕಿ, ತಾರೀಖು ಬರೆದು, ಮಡಿಸಿ ಒಳಗಿಟ್ಟೆ. ಹಸಿರು ಪೆನ್ನು ಸಿಗಲಿಲ್ಲ, ನೀಲಿಯಲ್ಲೇ ಬರೆದೆ.