ಕರವಸ್ತ್ರದಲ್ಲಿ ಸುತ್ತಿಟ್ಟ ಕ್ಯಾಮರಾ

ನನ್ನ ಬೀರುವಿನಲ್ಲಿ ಹಳೇ ಕರವಸ್ತ್ರದೊಳಗೆ ಸುತ್ತಿಟ್ಟಿರುವ ಒಂದು ವಸ್ತುವಿನ ವಿಷಯವಾಗಿ ಈ ತಿಂಗಳು ನಿಮ್ಮ ಸಂಗಡ ಮಾತಾಡಬೇಕೆಂದಿದ್ದೇನೆ. ಅದು 2007ನೆಯ ಇಸವಿಯಲ್ಲಿ ಮಾರಾಟಕ್ಕೆ ಬಂದ ಕ್ಯಾನನ್ ಪವರ್‌ಶಾಟ್ ಎ460 ಎಂಬ ಚಿಕ್ಕ ಡಿಜಿಟಲ್ ಕ್ಯಾಮರಾ. ಗೋಡೆಯ ಗಡಿಯಾರಕ್ಕೆ ಹಾಕುವಂಥ ಸೆಲ್ಲುಗಳು ಎರಡಿದ್ದರೆ ಅದಕ್ಕೆ ಸಾಕು. ಆದಾಗ್ಯೂ ಅಗ್ಗದ ಸೆಲ್ಲುಗಳು ಹತ್ತು ಚಿತ್ರಗಳೊಳಗೆ ಪ್ರಾಣ ಬಿಡುತ್ತಿದ್ದದರಿಂದ ನಾನು ಅವುಗಳನ್ನು ತೆಗೆದು, ಅಂಗೈಯಲ್ಲಿ ಉಜ್ಜಿ, ತಿರಿಗಿ ಹಾಕುತ್ತಿದ್ದೆನು. ನಗಬೇಡಿರಿ, ಹಾಗೆ ಮಾಡಿದರೆ ಇನ್ನೆರಡು ಚಿತ್ರಗಳು ಬರುತ್ತಿದ್ದವು.

1975ರಲ್ಲಿ ಅಮೇರಿಕಾದ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬವರು ಕಟ್ಟಿದ ಡಿಜಿಟಲ್ ಕ್ಯಾಮರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆಯುವದಕ್ಕೆ 23 ಸೆಕೆಂಡುಗಳನ್ನು ತೆಗೆದುಕೊಂಡಿತು. ಅದರ ಮುಂದೆ ನನ್ನದು ಜಿಂಕೆಯೇ ಸರಿ!

ನನ್ನ 128 ಎಂ.ಬಿ. ಕಾರ್ಡಿನಲ್ಲಿ ಸುಮಾರು 50 ಚಿತ್ರಗಳು ಮಾತ್ರ ಹಿಡಿಯುತ್ತಿದ್ದವು. ಈಗ ನಿಮ್ಮ ಮೊಬೈಲಿನಲ್ಲಿ ಸಾವಿರಾರು ಚಿತ್ರಗಳುಂಟು, ನೋಡುವವರಿಲ್ಲ. ಆಗಲಾದರೋ ಹೊಸದೊಂದು ಬೇಕಾದರೆ ಹಳೆಯದೊಂದನ್ನು ತೂಗಿನೋಡಿ ಅಳಿಸಬೇಕಾಗಿತ್ತು. ಮೆಟ್ರೋ ಕಂಬಗಳಿಲ್ಲದ ಮೈಸೂರು ರಸ್ತೆಯ ಚಿತ್ರವು ಹೀಗೆ ತೂಗಿದಾಗಲೆಲ್ಲಾ ಉಳಿದುಕೊಂಡಿತು. ಕೆಂಗೇರಿಗೆ ಮೆಟ್ರೋ ಬಂದದ್ದು 2021ರಲ್ಲಿ.

ಒಂದು ದಿನ ಸಂಡೇಸ್ಕೂಲಿನ ಮಕ್ಕಳನ್ನು ಕೆಂಗೇರಿಯಿಂದ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಕರಕೊಂಡು ಹೋದೆವು. ಆ ಮರದ ಮೂಲ ಬೊಡ್ಡೆಯು ರೋಗದಿಂದ ಎಂದೋ ಹೋಗಿ, ಬಿಳಲುಗಳೇ ಸುಮಾರು ಮೂರು ಎಕರೆ ನೆಲದ ಮೇಲೆ ಅದನ್ನು ಹೊತ್ತು ನಿಂತಿರುವದನ್ನು ನೋಡಿದವರು ಬಲ್ಲಿರಿ. ಮಕ್ಕಳನ್ನು ಬಿಳಲುಗಳ ನಡುವೆ ನಿಲ್ಲಿಸಿದಾಗ ಕಾರ್ಡು ತುಂಬಿತ್ತು. ಅವಸರದಲ್ಲಿ ಹಿಂದಕ್ಕೆ ನೋಡುತ್ತಾ ಹೋಗಲು, ಕಂಬಳಿ ಹೊದ್ದು ಹೊಸ್ತಿಲಲ್ಲಿ ಕೂತಿದ್ದ ನನ್ನ ತಂದೆಯವರ ಚಿತ್ರ ಸಿಕ್ಕಿತು. ನನ್ನ ಕೈ ನಡುಗಿದ್ದದರಿಂದ ಅದು ಮಂಕಾಗಿತ್ತು. ನಾಳೆ ಇನ್ನೊಂದು ತೆಗೆದರಾಯಿತು ಅಂದುಕೊಂಡು ಅಳಿಸಿಬಿಟ್ಟೆನು. ಆ ನಾಳೆಯನ್ನು ನಾನು ಮುಂದಕ್ಕೆ ಹಾಕುತ್ತಾ ಬಂದೆನು. ಅದೇ ಮಳೆಗಾಲದಲ್ಲಿ ತಂದೆಯವರು ತೀರಿಕೊಂಡರು.

ಮರದ ಚಿತ್ರವೋ ಇನ್ನೂ ಉಂಟು. 2024ರ ಜೂನ್ ಮಳೆಯಲ್ಲಿ ಆ ಮರದ ಒಂದು ಭಾಗವು ಉರುಳಿತೆಂದು ಕೇಳಿದ ದಿನ ನಾನು ಕರವಸ್ತ್ರವನ್ನು ಬಿಚ್ಚಿ ಹೊಸ ಸೆಲ್ಲುಗಳನ್ನು ಹಾಕಿದೆನು. ಒಳಗಿನ ಗಡಿಯಾರ ನಿಂತುಹೋಗಿದ್ದದರಿಂದ ಕ್ಯಾಮರಾ ಮೊದಲು ನನ್ನನ್ನು ತಾರೀಖು ಕೇಳಿತು. ಮಗಳು ಓಡಿಬಂದು, “ಅಪ್ಪಾ, ನಂದೊಂದು ತೆಗಿ” ಅಂದಳು. ಕಾರ್ಡು ತುಂಬಿದೆ ಎಂಬ ಬರಹ ಕಾಣಿಸಿತು. ನಾನು ಒಂದನ್ನೂ ಅಳಿಸದೆ, ಅವಳನ್ನು ಕರಕೊಂಡು ಕಾರ್ಡು ಹುಡುಕುವದಕ್ಕೆ ಪೇಟೆಗೆ ಹೊರಟೆನು.