ದಾಸೋಹವೂ ಸನ್ಮಾನವೂ

ದಾನವೆಂಬುದು ಬೇರೆ, ದಾಸೋಹವೆಂಬುದು ಬೇರೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ನೀಡುವವನು ತನ್ನನ್ನು ಸೇವಕನೆಂದು ಬಗೆದು, ಉಣ್ಣಬಂದವನಲ್ಲಿ ಶಿವನನ್ನೇ ಕಂಡು, ಬಾಗಿ ನೀಡುತ್ತಾನೆ. ‘ದಾಸೋಽಹಂ’ ಎಂಬ ಪದದಲ್ಲಿಯೇ ಈ ಅರ್ಥವು ಅಡಗಿದೆ. ‘ಅಹಂ’ ಎಂಬುದು ಅಲ್ಲಿ ಇಲ್ಲವೆಂದಲ್ಲ, ಉಂಟು. ಆದರೆ ಅದು ‘ದಾಸಃ’ ಎಂಬುದರ ಹಿಂದೆ ನಿಂತಿದೆ. ಸಂಧಿಯಲ್ಲಿ ತನ್ನ ಮೊದಲಕ್ಷರವನ್ನೂ ಕಳೆದುಕೊಂಡು ನಿಂತಿದೆ. ಆ ಅಹಂ ಮುಂದೆ ಬಂದು ನಿಂತಿತೆಂದರೆ ದಾಸೋಹವು ದಾನವಾಗಿ ಇಳಿಯುತ್ತದೆ. ಕೊಟ್ಟುದಕ್ಕೆ ಕೀರ್ತಿಯನ್ನು ಎಣಿಸತೊಡಗಿದರೆ ಆ ದಾನವೂ ವ್ಯಾಪಾರವಾಗುತ್ತದೆ.

ಇದು ಕೇವಲ ವ್ಯಾಕರಣದ ಮಾತಲ್ಲ. ಯಾವ ಊರಿನ ಜಾತ್ರೆಯನ್ನು ನೋಡಿದರೂ ಇದರ ನಿಜವು ತಿಳಿದೀತು. ಜಾತ್ರೆಗೆ ತಿಂಗಳು ಮೊದಲೇ ಕೆಲವರು ಮನೆಮನೆಗೆ ಹೋಗಿ ಜೋಳ, ಗೋದಿ, ಬೆಲ್ಲಗಳನ್ನು ಕೂಡಿಸುತ್ತಾರೆ. ಕೆಲವರು ಸೌದೆ ಒಡೆದು ಒಟ್ಟುತ್ತಾರೆ. ನಸುಕಿನಲ್ಲಿ ಎದ್ದು ಕೊಪ್ಪರಿಗೆಗೆ ನೀರು ತುಂಬುವವರುಂಟು. ಹೊಗೆಯಲ್ಲಿ ಕಣ್ಣುಜ್ಜುತ್ತ ಹುಗ್ಗಿ ತಿರುವುವವರುಂಟು. ಪಂಕ್ತಿಯೆದ್ದ ಮೇಲೆ ಎಲೆ ಬಳಿದು ನೆಲ ಸಾರಿಸುವ ತಾಯಂದಿರುಂಟು. ಕೊನೆಯ ದಿನ ಧರ್ಮಸಭೆಯು ಕೂಡುತ್ತದೆ. ಹೆಸರು ಕರೆದು ಕೆಲವರಿಗೆ ಶಾಲು ಹೊದಿಸಿ, ಫಲಪುಷ್ಪಗಳನ್ನಿತ್ತು ಗೌರವಿಸುತ್ತಾರೆ. ಕರೆದ ಹೆಸರುಗಳು ಹತ್ತಾದರೆ ದುಡಿದ ಕೈಗಳು ನೂರು.

ಇಂಥ ಊರಿನಲ್ಲಿ ಇಪ್ಪತ್ತು ವರ್ಷ ಉಗ್ರಾಣದ ಬೀಗದಕೈ ಹಿಡಿದು, ಒಂದು ಸೇರು ಕಾಳೂ ವ್ಯರ್ಥವಾಗದಂತೆ ನೋಡಿಕೊಂಡ ಹಿರಿಯನೊಬ್ಬನಿದ್ದಾನೆಂದು ಭಾವಿಸಿಕೊಳ್ಳಬಹುದು. ಒಂದು ವರ್ಷ ಸನ್ಮಾನದ ಯಾದಿಯಲ್ಲಿ ಅವನ ಹೆಸರು ಬಿಟ್ಟುಹೋಗುತ್ತದೆ. ಅವನು ಆಡುವುದಿಲ್ಲ, ಜಗಳ ತೆಗೆಯುವುದಿಲ್ಲ; ಮರುವರ್ಷ ಬೀಗದಕೈಯನ್ನು ಮಠಕ್ಕೆ ಕಳುಹಿಸಿಕೊಟ್ಟು ಮನೆಯಲ್ಲಿ ಕುಳಿತುಬಿಡುತ್ತಾನೆ. ಅಳತೆ ಬಲ್ಲವರಿಲ್ಲದೆ ಕಡೆಯ ಪಂಕ್ತಿಗೆ ಪ್ರಸಾದ ಸಾಲದೆ ಹೋಗುತ್ತದೆ. ದೂರದಿಂದ ನಡೆದುಬಂದವರು ಹಸಿದು ಹಿಂದಿರುಗುತ್ತಾರೆ. ತಪ್ಪು ಯಾರದು? ನೆನೆಯದ ಊರಿನದೋ, ನೊಂದ ಹಿರಿಯನದೋ? ಇಬ್ಬರದೂ ಎಂದೇ ಹೇಳಬೇಕು. ಆದರೆ ಇಬ್ಬರ ತಪ್ಪೂ ಒಂದೇ ಬಗೆಯದಲ್ಲ. ಆದುದರಿಂದ ಇಬ್ಬರಿಗೂ ಔಷಧವು ಬೇರೆ ಬೇರೆ.

ಮೊದಲು ಸೇವೆ ಮಾಡುವವನ ಮಾತು. ಬಿಜ್ಜಳನ ಭಂಡಾರಿಯಾಗಿ, ಮಹಾಮನೆಯ ಒಡೆಯರಾಗಿ, ಅಸಂಖ್ಯಾತ ಶರಣರ ನಡುವೆ ಬಾಳಿದ ಬಸವಣ್ಣನವರಿಗೆ ಹೊಗಳಿಕೆಯು ಕಡಮೆಯಾಗಿರಲಿಲ್ಲ. ಅದನ್ನು ಅವರು ಹೇಗೆ ಕಂಡರು? ತಮ್ಮವರು ಪ್ರೀತಿಯಿಂದ ಹೊಗಳಿ ಹೊಗಳಿ ತಮ್ಮನ್ನು ಚಿನ್ನದ ಶೂಲಕ್ಕೇರಿಸಿದರೆಂದು ಒಂದು ವಚನದಲ್ಲಿ ಮೊರೆಯಿಟ್ಟಿದ್ದಾರೆ. ತಮ್ಮಲ್ಲಿ ಒಲವಿದ್ದರೆ ಆ ಹೊಗಳಿಕೆಗೆ ಅಡ್ಡಬಂದು ನಿಲ್ಲೆಂದು ಕೂಡಲಸಂಗಮದೇವನನ್ನು ಬೇಡಿದ್ದಾರೆ. ಎಂತಹ ಮಾತಿದು! ಕಬ್ಬಿಣದ ಶೂಲವನ್ನು ಕಂಡವನು ಅಂಜಿ ಓಡುತ್ತಾನೆ. ಚಿನ್ನದ ಶೂಲವನ್ನು ಕಂಡವನು ತಾನಾಗಿ ಏರುತ್ತಾನೆ. ಇರಿಯುವುದರಲ್ಲಿ ಮಾತ್ರ ಎರಡಕ್ಕೂ ಭೇದವಿಲ್ಲ.

ಹೊಗಳಿಕೆಯು ತಾನಾಗಿ ಬಂದರೆ ಏನು ಮಾಡಬೇಕು? ಇದಕ್ಕೆ ಆಯ್ದಕ್ಕಿ ಲಕ್ಕಮ್ಮನ ನಡತೆಯೇ ಉತ್ತರವಾಗಿದೆ. ಮಾರಯ್ಯನವರ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ದಂಪತಿಗಳ ದಾಸೋಹ. ಒಂದು ದಿನ ಅವರು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಬಡವರ ಮನೆಗೆ ಬಂದ ಅಕ್ಕಿ, ಕದ್ದುದಲ್ಲ, ಬೇಡಿದುದಲ್ಲ. ಆದರೂ ಲಕ್ಕಮ್ಮನು ಅದನ್ನು ಒಳಗೆ ಕೊಳ್ಳಲಿಲ್ಲ. ಆಸೆಯು ಅರಸರಿಗೆ ತಕ್ಕುದಲ್ಲದೆ ಶಿವಭಕ್ತರಿಗೆ ತಕ್ಕುದಲ್ಲವೆಂದು ತಿಳಿಹೇಳಿ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದುಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು.

ಸನ್ಮಾನವೂ ಇಂಥ ಅಕ್ಕಿಯೇ. ಮಾಡಿದ ಕೆಲಸಕ್ಕೆ ತಕ್ಕ ಒಂದು ಒಳ್ಳೆಯ ಮಾತು ಅಂದಿನ ಅಳತೆ. ಅದನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಅದಕ್ಕಿಂತ ಹೆಚ್ಚಾಗಿ ಬಂದುದನ್ನು ಮನೆಗೆ ಒಯ್ಯಬಾರದು, ಬಂದಲ್ಲಿಯೇ ಸುರಿದುಬರಬೇಕು. ನೀರು ಹೊತ್ತವನಿಗೆ, ಒಲೆ ಉರಿಸಿದವಳಿಗೆ, ಎಲೆ ತೆಗೆದವರಿಗೆ ಅದನ್ನು ಅಲ್ಲಿಯೇ ಸಲ್ಲಿಸಬೇಕು. ಹೆಚ್ಚಿನದನ್ನು ಒಯ್ಯುವ ಅಭ್ಯಾಸವಾದವನಿಗೆ ಒಂದು ವರ್ಷ ಅದು ಬಾರದೆ ಹೋದರೆ ಮನೆಯೇ ಬರಿದಾದಂತೆ ತೋರುತ್ತದೆ. ಉಗ್ರಾಣದ ಹಿರಿಯನಿಗೆ ಆದುದು ಇದೇ. ಅವನು ಕೂಡಿಸಿದ ಕಾಳು ಊರಿಗೆ ಸಂದಿತ್ತು; ತನಗೆಂದು ಕೂಡಿಟ್ಟುದು ಹೊಗಳಿಕೆಯೊಂದೇ. ಮಾಡಿದೆನೆಂಬ ಎಣಿಕೆಯು ಮನಸ್ಸಿನಲ್ಲಿ ಮಿಂಚಿದರೆ ಅದೇ ಭಕ್ತನನ್ನು ಕಾಡುತ್ತದೆಂದು ಬಸವಣ್ಣನವರು ಎಚ್ಚರಿಸಿದುದೂ ಇದನ್ನು ಕುರಿತೇ.

ಹಾಗಾದರೆ ಸಮಾಜವು ಸೇವಕರನ್ನು ಗೌರವಿಸಲೇಬಾರದೆ? ಹಾಗಲ್ಲ. ಸೇವಕನಿಗೆ ಹೊಗಳಿಕೆಯ ಆಸೆಯು ಹೇಗೆ ದೋಷವೋ, ಊರಿಗೆ ಕೃತಘ್ನತೆಯೂ ಹಾಗೆಯೇ ದೋಷ. ತಮ್ಮ ಹೊಗಳಿಕೆಗೆ ಅಂಜಿದ ಬಸವಣ್ಣನವರೇ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಮನದಣಿಯೆ ಕೊಂಡಾಡಿ, ಅವರನ್ನು ತಮ್ಮ ಹಿರಿಯರೆಂದು ಕರೆದುಕೊಂಡರು. ಕಲ್ಯಾಣದಲ್ಲಿ ಬಿರುದು ಯಾವುದಾಗಿತ್ತು? ಕಾಯಕವೇ ಬಿರುದಾಗಿತ್ತು. ಹಗ್ಗ ಹೊಸೆದ ಚಂದಯ್ಯನು ನುಲಿಯ ಚಂದಯ್ಯ. ದೋಣಿ ನಡೆಸಿದ ಚೌಡಯ್ಯನು ಅಂಬಿಗರ ಚೌಡಯ್ಯ. ಬಟ್ಟೆ ಮಡಿಮಾಡಿದ ಮಾಚಯ್ಯನು ಮಡಿವಾಳ ಮಾಚಯ್ಯ. ಅರಸೊತ್ತಿಗೆಯನ್ನೇ ತೊರೆದು ಬಂದವರೆಂದು ಹೇಳಲಾಗುವ ಮಾರಯ್ಯನವರನ್ನು ಲೋಕವು ಇಂದಿಗೂ ಅವರ ಸೌದೆಯ ಹೊರೆಯಿಂದಲೇ ಮೋಳಿಗೆಯ ಮಾರಯ್ಯನೆಂದು ನೆನೆಯುತ್ತದೆ. ಒಂದು ದಿನ ಹೊದ್ದು ಪೆಟ್ಟಿಗೆಯಲ್ಲಿಡುವ ಶಾಲಲ್ಲ ಅದು; ಎಂಟು ನೂರು ವರ್ಷ ಕಳೆದರೂ ಮಾಸದ ಗೌರವ.

ಈಚಿನ ಕಾಲದಲ್ಲಿಯೂ ಇಂಥ ನಡತೆಗೆ ನಿದರ್ಶನಗಳುಂಟು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು ಹುಟ್ಟುಹಾಕಿದರು. ಧಾರವಾಡದಲ್ಲಿ ನೆರೆದ ಅದರ ಮೊದಲನೆಯ ಅಧಿವೇಶನದ ಅಧ್ಯಕ್ಷಪೀಠದಲ್ಲಿ ಕುಳಿತವರು ಶಿರಸಂಗಿಯ ಲಿಂಗರಾಜ ದೇಸಾಯರು. ಆ ಪೀಠವನ್ನು ಏರಿದ ಲಿಂಗರಾಜರೂ ಅದನ್ನು ಗೌರವವೆಂದಷ್ಟೇ ಬಗೆಯದೆ ಋಣವೆಂದು ಬಗೆದರು. ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು.

ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಿಗೆ 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದವು. 1941ರಲ್ಲಿ ಮಠದ ಹೊಣೆ ಹೊತ್ತ ಅವರು ಜಾತಿಮತಗಳನ್ನೆಣಿಸದೆ ಸಾವಿರಾರು ಬಡಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನಿತ್ತರು. ಆ ಅನ್ನದಲ್ಲಿ ಸುತ್ತಣ ಹಳ್ಳಿಗಳ ರೈತರು ತಂದೊಪ್ಪಿಸಿದ ರಾಗಿಯೂ ಇತ್ತು. ಪ್ರಶಸ್ತಿಗಳು ಬಂದಾಗ ಅವರು ಶತಾಯುಷಿಗಳು. ಒಲೆಯಾದರೋ ಅದಕ್ಕೂ ದಶಕಗಳ ಮೊದಲಿನಿಂದ ಉರಿಯುತ್ತಲೇ ಇತ್ತು. 2019ನೆಯ ಜನವರಿ 21ರಂದು, 111ರ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದಾಗ ಮಕ್ಕಳ ಮಧ್ಯಾಹ್ನದ ಊಟವು ಮುಗಿಯುವವರೆಗೆ ಸುದ್ದಿಯನ್ನು ಪ್ರಕಟಿಸಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಅಂದಿನ ಪತ್ರಿಕೆಗಳು ವರದಿಮಾಡಿದವು. ತನ್ನ ಮರಣವಾರ್ತೆಯೂ ಒಂದು ಪಂಕ್ತಿಯ ಪ್ರಸಾದಕ್ಕೆ ಅಡ್ಡಬರಬಾರದೆಂಬ ಈ ಭಾವಕ್ಕಿಂತ ಮಿಗಿಲಾದ ದಾಸೋಹದ ವ್ಯಾಖ್ಯಾನವು ಬೇಕೆ?

ಆದುದರಿಂದ ಊರಿನ ಹಿರಿಯರು ಸನ್ಮಾನವನ್ನು ಬಿಡಬೇಕಾಗಿಲ್ಲ, ತಿದ್ದಿಕೊಳ್ಳಬೇಕಾಗಿದೆ. ಹಣ ಕೊಟ್ಟವರ ಹೆಸರನ್ನು ಓದುವ ಸಭೆಯಲ್ಲಿಯೇ ಪಾತ್ರೆ ತೊಳೆದವರ ಹೆಸರನ್ನೂ ಓದಲಿ. ವೇದಿಕೆಗೆ ಬರಲು ಸಂಕೋಚಪಡುವ ತಾಯಿಯಿದ್ದರೆ ಹಿರಿಯರೇ ಅಡಿಗೆಯ ಮನೆಗೆ ಹೋಗಿ ಕೈಮುಗಿಯಲಿ. ಇಪ್ಪತ್ತು ವರ್ಷ ಒಬ್ಬನೇ ಹೊತ್ತ ಹೊರೆಗೆ ಶಾಲು ಹೊದಿಸಿದ ಮಾತ್ರಕ್ಕೆ ಅದು ಹಗುರವಾಗದು. ಇಬ್ಬರು ತರುಣರನ್ನು ಅವನ ಬಳಿ ನಿಲ್ಲಿಸಿ, ಆ ಅಳತೆಯ ವಿದ್ಯೆಯನ್ನು ಕಲಿಯಹಚ್ಚುವುದೇ ನಿಜವಾದ ಸನ್ಮಾನ. ನಾಯಕನಾದವನೂ ತನ್ನ ಬಳಿಕ ಬೀಗದಕೈ ಹಿಡಿಯುವವನನ್ನು ತಾನಿರುವಾಗಲೇ ಸಿದ್ಧಗೊಳಿಸಲಿ. ತಾನಿಲ್ಲದೆ ದಾಸೋಹವು ನಿಂತಿತೆಂಬುದು ಹಿರಿಮೆಯಲ್ಲ, ಕೊರತೆ.

ಇನ್ನು ಮನೆಯಲ್ಲಿ ಕುಳಿತ ಆ ಹಿರಿಯನ ಮಾತು. ಅವನ ಬಾಗಿಲಿಗೆ ಊರು ಹೋಗಬೇಕು. ಮರೆತುದು ತಪ್ಪಾಯಿತೆಂದು ಹೇಳಲು ನಾಚಬಾರದು. ಊರು ಬರುವುದು ತಡವಾದರೆ? ಅವನು ಕಾಯದಿರಲಿ. ಮಾರಯ್ಯನವರು ಹೆಚ್ಚಿನ ಅಕ್ಕಿಯನ್ನು ಸುರಿಯಲು ಹಿಂದಿರುಗಿ ನಡೆದಂತೆ ಅವನೂ ಉಗ್ರಾಣದ ಕಡೆಗೆ ನಡೆಯಲಿ. ಕಡೆಯ ಪಂಕ್ತಿಯಲ್ಲಿ ಕುಳಿತ ಹಸಿದವನಿಗೆ ಸನ್ಮಾನದ ಯಾದಿಯು ತಿಳಿಯದು. ಅವನಿಗೆ ತಿಳಿದುದು ಎಲೆಗೆ ಬಿದ್ದ ಪ್ರಸಾದವೊಂದೇ. ಆ ಎಲೆಯು ಬರಿದಾಗದಂತೆ ನೋಡಿಕೊಳ್ಳುವ ಬುದ್ಧಿಯನ್ನು ಶಿವನು ಸಕಲ ಸದ್ಭಕ್ತರಿಗೂ ಕರುಣಿಸಲಿ.