ಹಿಟ್ಟಿನ ಕೋಳಿ, ಪ್ಲಾಸ್ಟಿಕ್ ಗುಂಡು

ಕವಿ ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಕತ್ತಿ ಬಿದ್ದಾಗ ಆ ಹಿಟ್ಟೇ ಕೂಗಿತು, ಯಶೋಧರ ಜನ್ಮಜನ್ಮಾಂತರ ಅದರ ಫಲ ಉಣ್ಣುತ್ತಾನೆ. ಸಂಕಲ್ಪವೇ ಹಿಂಸೆ ಎಂಬ ಈ ಜೈನ ವಾದವನ್ನು ಜಪಾನಿನ ಏರ್‌ಸಾಫ್ಟ್ ಬಂದೂಕುಗಳ ಮುಂದಿಟ್ಟು ನೋಡಬೇಕು. ಅಸಲಿ ಬಂದೂಕು ಸುಲಭಕ್ಕೆ ಜನರ ಕೈಸೇರದ ಆ ದೇಶದಲ್ಲಿ 1970ರ ದಶಕದಲ್ಲಿ ಹುಟ್ಟಿದ ಪ್ರತಿಕೃತಿಗಳಿವು. ಹಾರುವುದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು, ಅದರ ಶಕ್ತಿಗೆ ಅಲ್ಲಿನ ಕಾನೂನು ಹಾಕಿರುವ ಮಿತಿ 0.98 ಜೂಲ್. ‘ಆಟಿಕೆ ತಾನೇ, ಬಿಡಿ’ ಎಂಬ ಸಮಾಧಾನ ಜನ್ನನ ಮುಂದೆ ನಿಲ್ಲದು. ಹಿಟ್ಟೂ ನೆಪ, ಪ್ಲಾಸ್ಟಿಕ್ಕೂ ನೆಪ.

ಹಾಗಾದರೆ ಈ ಬಂದೂಕುಗಳನ್ನು ಕೂಡಿಡುವ ಸಂಗ್ರಾಹಕನ ಸಂಕಲ್ಪವೇನು? ಅವನ ಮೇಜು ನೋಡಿ. ಗೇರ್‌ಬಾಕ್ಸ್ ಬಿಚ್ಚಿ, ಹಲ್ಲುಚಕ್ರಗಳ ಸಡಿಲ ತೆಗೆಯಲು ಕಾಗದದಷ್ಟು ತೆಳುವಾದ ವಾಷರ್ ಇಟ್ಟು, ಗ್ರೀಸ್ ಸವರಿ, ಮತ್ತೆ ಜೋಡಿಸಿ ಸದ್ದಿಗೆ ಕಿವಿಗೊಡುತ್ತಾನೆ. ಇದು ಗಡಿಯಾರ ರಿಪೇರಿಯವನ ಏಕಾಗ್ರತೆ. ಸಾಯಬೇಕಾದವರು ಯಾರೂ ಅವನ ಮನಸ್ಸಿನಲ್ಲಿಲ್ಲ. ಯಶೋಧರ ಕತ್ತಿ ಎತ್ತಿದ್ದು ಬಲಿಗೆಂದೇ. ಹಾಗಿದ್ದರೆ ಗಡಿಯಾರವೇ ಸಾಲದೇ, ಬಂದೂಕೇ ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಬಲದ ಮೋಹ ಅಲ್ಲಿ ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಜೈನ ಗೃಹಸ್ಥರ ಅಣುವ್ರತಗಳಲ್ಲಿ ಅಹಿಂಸೆಗೂ, ಕೂಡಿಡುವ ಆಸೆಗೆ ಮಿತಿ ಹಾಕುವ ಅಪರಿಗ್ರಹಕ್ಕೂ ಬೇರೆ ಬೇರೆ ಸ್ಥಾನವಿದೆ. ಕೂಡಿಡುವವನ ಮೋಹವನ್ನು ಕೊಲ್ಲುವವನ ಖಾತೆಗೆ ಬರೆಯಲಾಗದು. ಅದೇ ಪ್ರತಿಕೃತಿಯನ್ನು ಬೀದಿಯಲ್ಲಿ ಒಬ್ಬನತ್ತ ಗುರಿಯಿಟ್ಟು ಹೆದರಿಸಿದರೆ ಮಾತ್ರ ಹಿಟ್ಟಿನ ಕೋಳಿ ಕೂಗಿತೆಂದೇ ಲೆಕ್ಕ.